ಆಲ್ಟರ್ನೇಟರ್ ಜಾಗ ಬದಲಿಸುವುದು, ಪವರ್ ಸ್ಟೀರಿಂಗ್ ಉಳಿಸಿಕೊಳ್ಳುವುದು: ಒಂದು ಜೀಪಿನಿಂದ ಕಲಿತ ಪಾಠ

ಯಾವುದೇ ಹಳೆಯ ಕಾರು ಅಥವಾ ಜೀಪಿನ ಬಾನೆಟ್ ಎತ್ತಿ ಎಂಜಿನ್ನಿನ ಮುಂಭಾಗ ನೋಡಿದರೆ, ರೇಡಿಯೇಟರ್ ಹಿಂದೆ ಒಂದೆರಡು ಕಪ್ಪು ಬೆಲ್ಟುಗಳು ಕಾಣುತ್ತವೆ. ಎಂಜಿನ್ ತಿರುಗಿದಾಗ ಈ ಬೆಲ್ಟುಗಳು ಮೂರು ಮುಖ್ಯ ಯಂತ್ರಗಳನ್ನು ತಿರುಗಿಸುತ್ತವೆ. ಒಂದು, ಎಂಜಿನ್ ತಂಪಾಗಿಡುವ ನೀರಿನ ಪಂಪು. ಎರಡು, ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್. ಮೂರು, ಸ್ಟೀರಿಂಗ್ ಹಗುರ ಮಾಡುವ ಪವರ್ ಸ್ಟೀರಿಂಗ್ ಪಂಪು. ಇವುಗಳಲ್ಲಿ ಒಂದನ್ನು ಇದ್ದ ಜಾಗದಿಂದ ಬೇರೆ ಜಾಗಕ್ಕೆ ಸರಿಸಬೇಕಾದರೆ ಉಳಿದ ಎರಡಕ್ಕೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಭೌತಶಾಸ್ತ್ರ ನನ್ನ ವಿಷಯವಲ್ಲ. ಆದರೆ ನನ್ನ ಮಾಮೂ ಶಿವಮೊಗ್ಗದಲ್ಲಿ ಗ್ಯಾರೇಜ್ ನಡೆಸುತ್ತಾರೆ. ರಜೆಯ ದಿನಗಳಲ್ಲಿ ಅಲ್ಲಿ ಬಿಲ್ ಬರೆಯುವುದು, ಲೆಕ್ಕ ಇಡುವುದು ನನ್ನ ಕೆಲಸ. ಬಿಲ್ಲಿನಲ್ಲಿ ಬರೆಯುವ ಪ್ರತಿ ಸಾಮಾನು ಯಾಕೆ ಬೇಕು ಎಂದು ಕೇಳುತ್ತಾ ಕೇಳುತ್ತಾ ಇಷ್ಟು ಕಲಿತಿದ್ದೇನೆ. ವಿಜ್ಞಾನದ ಗೆಳೆಯರಿಗೆ ಇದರಲ್ಲಿ ವಿದ್ಯುತ್ ಮತ್ತು ಘರ್ಷಣೆಯ ಪಾಠ ಸಿಗುತ್ತದೆ, ನಮ್ಮ ವಿಭಾಗದವರಿಗೆ ವೆಚ್ಚದ ಪಾಠ ಸಿಗುತ್ತದೆ.

ಸಮಸ್ಯೆ ಏನಿತ್ತು?

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಒಂದು ಹಳೆಯ ಡೀಸೆಲ್ ಜೀಪು ಗ್ಯಾರೇಜಿಗೆ ಬಂದಿತ್ತು. ತೋಟಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳ ದಾಟಬೇಕು. ಮಳೆಗಾಲದಲ್ಲಿ ಅಲ್ಲಿ ಮೊಣಕಾಲಿನಷ್ಟು ನೀರು, ಅದರ ಆಚೆ ಕೆಸರು. ಆ ಜೀಪಿನಲ್ಲಿ ಆಲ್ಟರ್ನೇಟರ್ ಚಾಲಕನ ಬದಿಯಲ್ಲಿ, ಅಂದರೆ ಬಲಗಡೆ, ಎಂಜಿನ್ನಿನ ಕೆಳಭಾಗದಲ್ಲಿತ್ತು. ಒಂದೇ ಮಳೆಗಾಲದಲ್ಲಿ ಅದು ಎರಡು ಸಲ ಕೆಟ್ಟಿತ್ತು. ಪವರ್ ಸ್ಟೀರಿಂಗ್ ಪಂಪು ಎಡಗಡೆ ಮೇಲೆ, ಒಣಗಿದ ಒಳ್ಳೆಯ ಜಾಗದಲ್ಲಿ ಕೂತಿತ್ತು.

ಬೇರೊಂದು ಕಡೆ ಕೇಳಿದಾಗ ಸುಲಭದ ಉಪಾಯ ಹೇಳಿದ್ದರಂತೆ: ಪವರ್ ಸ್ಟೀರಿಂಗ್ ಪಂಪು ಬಿಚ್ಚಿ ಬಿಸಾಕಿ, ಆ ಜಾಗದಲ್ಲಿ ಆಲ್ಟರ್ನೇಟರ್ ಕೂರಿಸಿ. ಹಳೇ ಜೀಪಿಗೆ ಪವರ್ ಸ್ಟೀರಿಂಗ್ ಯಾಕೆ? ಆದರೆ ಜೀಪು ಓಡಿಸುವುದು ತೋಟದ ಯಜಮಾನರೇ. ಅವರ ಭುಜಕ್ಕೆ ಆಪರೇಷನ್ ಆಗಿದೆ. "ಸಾಬ್ರೇ, ಪಂಪು ತೆಗೆದ್ರೆ ನನ್ನ ಕೈ ಕೇಳಲ್ಲ. ಆ ತಿರುವಿನಲ್ಲಿ ಗಾಡಿ ತಿರುಗಿಸೋದು ಯಾರು?" ಎಂದು ಅವರು ಮಾಮೂ ಅವರನ್ನು ಕೇಳಿದರು. "ನೋಡೋಣ ಗೌಡ್ರೇ, ಎರಡೂ ಉಳಿಸೋ ದಾರಿ ಇದ್ದರೆ ಹೇಳ್ತೀನಿ" ಎಂದರು ಮಾಮೂ.

ಆಲ್ಟರ್ನೇಟರ್ ಕೆಲಸ ಹೇಗೆ?

ಗ್ಯಾರೇಜಿನಲ್ಲಿ ಇವತ್ತಿಗೂ ಹೆಚ್ಚಿನವರು ಆಲ್ಟರ್ನೇಟರನ್ನು ಡೈನಮೊ ಎಂದೇ ಕರೆಯುತ್ತಾರೆ. ಎರಡೂ ಒಂದೇ ತತ್ವದ ಮೇಲೆ ನಡೆಯುತ್ತವೆ. ತಂತಿಯ ಸುರುಳಿಯ ಹತ್ತಿರ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದರು. ಆಲ್ಟರ್ನೇಟರ್ ಒಳಗೆ ತಿರುಗುವ ಭಾಗ ವಿದ್ಯುತ್ಕಾಂತ. ಸುತ್ತಲೂ ತಾಮ್ರದ ಸುರುಳಿ. ಅಲ್ಲಿ ಹುಟ್ಟುವುದು ಪರ್ಯಾಯ ವಿದ್ಯುತ್. ಅದನ್ನು ಡಯೋಡುಗಳು ನೇರ ವಿದ್ಯುತ್ ಮಾಡುತ್ತವೆ. ರೆಗ್ಯುಲೇಟರ್ ಎಂಬ ಭಾಗ ವೋಲ್ಟೇಜನ್ನು ಸುಮಾರು 14ರಲ್ಲಿ ಹಿಡಿದಿಡುತ್ತದೆ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ. ಅದಕ್ಕೆ ವಿದ್ಯುತ್ ತುಂಬಬೇಕಾದರೆ ಅದಕ್ಕಿಂತ ಹೆಚ್ಚಿನ ವೋಲ್ಟೇಜ್ ಬೇಕು. ಎತ್ತರದ ಟ್ಯಾಂಕಿನಿಂದ ಕೆಳಗಿನ ಟ್ಯಾಂಕಿಗೆ ನೀರು ಹರಿದಂತೆ ಇದು.

ಆಲ್ಟರ್ನೇಟರ್ ಒಳಗೆ ಗಾಳಿಯಾಡಲು ಕಿಂಡಿಗಳಿವೆ. ಗಾಳಿ ಹೋಗುವ ಕಿಂಡಿಯಲ್ಲಿ ಕೆಸರು ನೀರೂ ಹೋಗುತ್ತದೆ. ಮಳೆಯ ಹನಿ ಅದಕ್ಕೆ ದೊಡ್ಡ ತೊಂದರೆಯಲ್ಲ. ಆದರೆ ಹಳ್ಳದ ಕೆಸರು ಬೇರಿಂಗಿನಲ್ಲಿ ಸೇರುತ್ತದೆ, ಕಾರ್ಬನ್ ಬ್ರಷ್ಷುಗಳನ್ನು ತೇಯುತ್ತದೆ, ಡಯೋಡುಗಳ ಮೇಲೆ ಕೂತು ಒಣಗುತ್ತದೆ. ಕಿಂಡಿ ಮುಚ್ಚಿದರೆ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ, ಮುಚ್ಚದಿದ್ದರೆ ಕೆಸರು ಒಳಗೆ ಬರುತ್ತದೆ. ಆದ್ದರಿಂದ ಇದಕ್ಕೆ ಇರುವ ಸರಿಯಾದ ಔಷಧ ಜಾಗ ಬದಲಾವಣೆಯೇ.

ಪವರ್ ಸ್ಟೀರಿಂಗ್ ಪಂಪು ಏನು ಮಾಡುತ್ತದೆ?

ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1920ರ ದಶಕದಲ್ಲೇ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೀರಿಂಗ್ ತಯಾರಿಸಿದ್ದರು. ಆದರೆ ಮಾರಾಟಕ್ಕೆ ಬಂದ ಕಾರಿನಲ್ಲಿ ಅದು ಕಾಣಿಸಿಕೊಂಡದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ.

ಪಂಪಿನ ಒಳಗೆ ಒಂದು ರೋಟರ್, ಅದರ ಸೀಳುಗಳಲ್ಲಿ ಹಿಂದೆ ಮುಂದೆ ಜಾರುವ ಚಿಕ್ಕ ಚಿಕ್ಕ ಪಟ್ಟಿಗಳು ಇರುತ್ತವೆ. ರೋಟರ್ ತಿರುಗಿದಾಗ ಈ ಪಟ್ಟಿಗಳು ಎಣ್ಣೆಯನ್ನು ಹಿಡಿದು ತಳ್ಳುತ್ತವೆ. ಆ ಎಣ್ಣೆ ದಪ್ಪ ಹೋಸ್ ಮೂಲಕ ಸ್ಟೀರಿಂಗ್ ಬಾಕ್ಸಿಗೆ ಹೋಗಿ ನಮ್ಮ ಕೈಯ ಜೊತೆ ತಾನೂ ತಳ್ಳುತ್ತದೆ. ಕೆಲಸ ಮುಗಿದ ಎಣ್ಣೆ ಡಬ್ಬಿಗೆ ವಾಪಸ್ಸು ಬರುತ್ತದೆ.

ಪಂಪು ತೆಗೆದರೆ ಸ್ಟೀರಿಂಗ್ ತಿರುಗುವುದೇ ಇಲ್ಲ ಎಂದಲ್ಲ. ಚಕ್ರಕ್ಕೂ ಸ್ಟೀರಿಂಗಿಗೂ ಕಬ್ಬಿಣದ ಸಂಬಂಧ ಇದ್ದೇ ಇರುತ್ತದೆ. ಆದರೆ ಪವರ್ ಸ್ಟೀರಿಂಗಿನ ಬಾಕ್ಸನ್ನು ಪಂಪಿಲ್ಲದೆ ತಿರುಗಿಸುವುದು ಸಾಮಾನ್ಯ ಸ್ಟೀರಿಂಗಿಗಿಂತಲೂ ಕಷ್ಟ. ಕಾರಣ ಎರಡು. ಸಾಮಾನ್ಯ ಬಾಕ್ಸಿನಲ್ಲಿ ಚಕ್ರ ಪೂರ್ತಿ ತಿರುಗಲು ಸ್ಟೀರಿಂಗನ್ನು ಹೆಚ್ಚು ಸುತ್ತು ತಿರುಗಿಸಬೇಕು, ಹಾಗಾಗಿ ಪ್ರತಿ ಸುತ್ತು ಹಗುರ. ಪವರ್ ಬಾಕ್ಸಿನಲ್ಲಿ ಸುತ್ತು ಕಡಿಮೆ, ಹಾಗಾಗಿ ಭಾರ ಹೆಚ್ಚು. ಇನ್ನೊಂದು, ಒಳಗೆ ಉಳಿದ ಎಣ್ಣೆಯನ್ನೂ ನಮ್ಮ ಕೈಯೇ ತಳ್ಳಬೇಕು. ಬಿಸಾಕಿದ ಪಂಪಿನ ಕೆಲಸ ಓಡಿಸುವವರ ಭುಜಕ್ಕೆ ಬೀಳುತ್ತದೆ.

ಮೂರು ದಾರಿಗಳು

ಮೊದಲ ದಾರಿ, ಪಂಪು ತೆಗೆಯುವುದು. ಇದನ್ನು ಬೇಡವೆಂದಾಯಿತು.

ಎರಡನೆಯ ದಾರಿ, ಆಲ್ಟರ್ನೇಟರನ್ನು ಅದೇ ಬಲಬದಿಯಲ್ಲಿ ಮೇಲಕ್ಕೆ ಎತ್ತುವುದು. ಆದರೆ ಅಲ್ಲಿ ಡೀಸೆಲ್ ಫಿಲ್ಟರ್ ಇತ್ತು, ಅದರ ಪಕ್ಕದಲ್ಲೇ ಸ್ಟೀರಿಂಗ್ ಶಾಫ್ಟ್ ಹಾದುಹೋಗಿತ್ತು. ಜಾಗ ಸಾಲಲಿಲ್ಲ.

ಮೂರನೆಯ ದಾರಿ, ಅದಲು ಬದಲು. ಆಲ್ಟರ್ನೇಟರ್ ಎಡಗಡೆ ಮೇಲಕ್ಕೆ, ಪಂಪು ಬಲಗಡೆ ಕೆಳಕ್ಕೆ. ಮಾಮೂ ಇದನ್ನೇ ಆರಿಸಿದರು. ಪಂಪಿಗೆ ಕಿಂಡಿಗಳಿಲ್ಲ. ಅದು ಸೀಲ್ ಆಗಿರುವ ಪೆಟ್ಟಿಗೆ. ಆಲ್ಟರ್ನೇಟರಿಗೆ ಹೋಲಿಸಿದರೆ ಅದಕ್ಕೆ ಹಳ್ಳದ ನೀರಿನ ಭಯ ತುಂಬಾ ಕಡಿಮೆ. ಎಣ್ಣೆಯ ಡಬ್ಬಿ ಬೇರೆಯಾಗಿರುವ ಪಂಪು ಇದಾದ್ದರಿಂದ ಡಬ್ಬಿಯನ್ನು ಮೇಲೆಯೇ ಬಿಡಬಹುದು. ಡಬ್ಬಿ ಮೇಲೆ, ಪಂಪು ಕೆಳಗೆ ಇದ್ದರೆ ಎಣ್ಣೆ ತಾನಾಗಿಯೇ ಇಳಿಯುತ್ತದೆ. ಇನ್ನೂ ಒಂದು ಲಾಭ: ನಮ್ಮ ದೇಶದ ಗಾಡಿಗಳಲ್ಲಿ ಸ್ಟೀರಿಂಗ್ ಬಲಗಡೆ. ಈ ಜೀಪಿನ ಸ್ಟೀರಿಂಗ್ ಬಾಕ್ಸೂ ಬಲಗಡೆ ಕೆಳಗಿದೆ. ಪಂಪು ಅದರ ಹತ್ತಿರ ಬಂದರೆ ಒತ್ತಡದ ಹೋಸ್ ಚಿಕ್ಕದಾಗುತ್ತದೆ.

ಬೆಲ್ಟಿನ ನಿಯಮಗಳು

ಈ ಜೀಪಿನಲ್ಲಿ ಎರಡು ವಿ ಬೆಲ್ಟುಗಳಿವೆ. ಕ್ರ್ಯಾಂಕ್ ಪುಲ್ಲಿಯಲ್ಲಿ ಎರಡು ಗಾಡಿಗಳು, ಅಂದರೆ ಎರಡು ಸಾಲು. ಒಂದು ಸಾಲಿನ ಬೆಲ್ಟ್ ನೀರಿನ ಪಂಪು ಮತ್ತು ಆಲ್ಟರ್ನೇಟರನ್ನು ತಿರುಗಿಸುತ್ತದೆ. ಇನ್ನೊಂದು ಸಾಲಿನ ಬೆಲ್ಟ್ ಪವರ್ ಸ್ಟೀರಿಂಗ್ ಪಂಪಿಗೆ ಮಾತ್ರ. ಜಾಗ ಬದಲಿಸಿದರೂ ಯಾವ ಯಂತ್ರ ಯಾವ ಸಾಲಿನಲ್ಲಿತ್ತೋ ಅದೇ ಸಾಲಿನಲ್ಲಿ ಉಳಿಯಬೇಕು.

ಒಂದು: ನೇರ. ಒಂದು ಬೆಲ್ಟಿನ ಎಲ್ಲ ಪುಲ್ಲಿಗಳು ಒಂದೇ ಸಮತಲದಲ್ಲಿರಬೇಕು. ಕಬ್ಬಿಣದ ನೇರ ಪಟ್ಟಿಯನ್ನು ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿದು ಪರೀಕ್ಷಿಸುತ್ತಾರೆ. 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮಾಮೂ ವಾಷರ್ ಹಾಕಿಸುತ್ತಾರೆ ಅಥವಾ ಲೇತಿಗೆ ಕಳಿಸುತ್ತಾರೆ. ಓರೆಯಾದ ಬೆಲ್ಟ್ ಕೀರಲು ಶಬ್ದ ಮಾಡುತ್ತದೆ, ಅಂಚು ಹರಿಯುತ್ತದೆ.

ಎರಡು: ಅಪ್ಪುಗೆ. ಬೆಲ್ಟ್ ಪುಲ್ಲಿಯ ಎಷ್ಟು ಭಾಗವನ್ನು ಸುತ್ತಿಕೊಂಡಿದೆ ಎಂಬುದರ ಮೇಲೆ ಅದರ ಹಿಡಿತ ನಿಂತಿದೆ. ಆಲ್ಟರ್ನೇಟರಿನ ಪುಲ್ಲಿ ಚಿಕ್ಕದು, ಆದರೆ ಹೊರುವ ಭಾರ ದೊಡ್ಡದು. ಅದಕ್ಕೆ ಸುಮಾರು 120 ಡಿಗ್ರಿಯಾದರೂ ಸಿಗುವಂತೆ ನಾವು ನೋಡಿಕೊಂಡೆವು. ರಟ್ಟಿನ ಮೇಲೆ ಪುಲ್ಲಿಗಳನ್ನು ನಿಜ ಅಳತೆಯಲ್ಲಿ ಬರೆದು, ನನ್ನ ಜಾಮಿಟ್ರಿ ಬಾಕ್ಸಿನ ಕೋನಮಾಪಕದಲ್ಲೇ ಅಳೆದೆವು. ಬೆಲ್ಟಿನ ಉದ್ದಕ್ಕೂ ದಾರ ಸುತ್ತಿ ಅಳೆಯುವುದು ಸಾಕು. ಟೆನ್ಷನ್ ಪಟ್ಟಿ ನಡುವಿನ ಸ್ಥಾನದಲ್ಲಿದ್ದಾಗ ದಾರ ಅಳೆಯಬೇಕು, ಆಮೇಲೆ ಬಿಗಿ ಮಾಡಲೂ ಸಡಿಲ ಮಾಡಲೂ ಜಾಗ ಉಳಿಯುತ್ತದೆ.

ಮೂರು: ದಿಕ್ಕು. ವಿ ಬೆಲ್ಟಿನ ಒಳಬದಿ ಮಾತ್ರ ಪುಲ್ಲಿಗಳನ್ನು ಮುಟ್ಟುತ್ತದೆ. ಆದ್ದರಿಂದ ಎಲ್ಲ ಪುಲ್ಲಿಗಳೂ ಕ್ರ್ಯಾಂಕ್ ತಿರುಗುವ ದಿಕ್ಕಿನಲ್ಲೇ ತಿರುಗುತ್ತವೆ. ಎಡದಿಂದ ಬಲಕ್ಕೆ ತಂದರೂ ಪಂಪಿನ ದಿಕ್ಕು ಬದಲಾಗುವುದಿಲ್ಲ. ಹೊಸ ಕಾರುಗಳಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಒಂದೇ ಅಗಲವಾದ ಗೀರು ಬೆಲ್ಟ್ ಹಾವಿನಂತೆ ಎಲ್ಲ ಯಂತ್ರಗಳ ನಡುವೆ ಸುತ್ತುತ್ತದೆ. ಗೀರಿನ ಬದಿ ಮುಟ್ಟಿದ ಪುಲ್ಲಿ ಕ್ರ್ಯಾಂಕಿನ ದಿಕ್ಕಿಗೆ, ಬೆನ್ನಿನ ಬದಿ ಮುಟ್ಟಿದ ಪುಲ್ಲಿ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಬೆಲ್ಟಿನ ದಾರಿ ಬದಲಿಸುವಾಗ ನೀರಿನ ಪಂಪು ಬೆನ್ನಿನ ಬದಿಗೆ ಬಂದುಬಿಟ್ಟರೆ ಅದು ಉಲ್ಟಾ ತಿರುಗಿ ಎಂಜಿನ್ ಕುದಿಯುತ್ತದೆ. ಸ್ಟೀರಿಂಗ್ ಪಂಪು ಉಲ್ಟಾ ತಿರುಗಿದರೆ ಎಣ್ಣೆ ತಳ್ಳುವುದಿಲ್ಲ. ಆಲ್ಟರ್ನೇಟರ್ ಉಲ್ಟಾ ತಿರುಗಿದರೂ ವಿದ್ಯುತ್ ಕೊಡುತ್ತದೆ, ಆದರೆ ಓರೆ ಎಲೆಗಳ ಫ್ಯಾನ್ ಇದ್ದರೆ ತಂಪಾಗುವುದು ಕಡಿಮೆಯಾಗುತ್ತದೆ. ಬೆಲ್ಟನ್ನು ತಾನಾಗಿ ಬಿಗಿ ಹಿಡಿಯುವ ಸ್ಪ್ರಿಂಗ್ ಟೆನ್ಷನರ್ ಇದ್ದರೆ ಅದು ಸಡಿಲ ಬದಿಯಲ್ಲಿ, ಅಂದರೆ ಬೆಲ್ಟ್ ಕ್ರ್ಯಾಂಕ್ ಪುಲ್ಲಿಯನ್ನು ಬಿಟ್ಟು ಹೊರಡುವ ಬದಿಯಲ್ಲಿ ಇರಬೇಕು.

ನಾಲ್ಕು: ಬಿಗಿ. ಎರಡು ಪುಲ್ಲಿಗಳ ನಡುವೆ ವಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು. ಹೆಚ್ಚು ತಗ್ಗಿದರೆ ಜಾರುತ್ತದೆ. ತಗ್ಗದೇ ಇದ್ದರೆ ಬೇರಿಂಗ್ ಹಾಳಾಗುತ್ತದೆ. ನೀರು ಬಿದ್ದ ಬೆಲ್ಟ್ ಇನ್ನೂ ಬೇಗ ಜಾರುತ್ತದೆ. ಪಂಪು ಈಗ ಕೆಳಗಿರುವುದರಿಂದ ಹಳ್ಳ ದಾಟಿದ ಮೇಲೆ ಸ್ವಲ್ಪ ಹೊತ್ತು ಸ್ಟೀರಿಂಗ್ ಭಾರವಾಗಬಹುದು ಎಂದು ಮಾಮೂ ಯಜಮಾನರಿಗೆ ಮೊದಲೇ ಹೇಳಿದರು.

ಬ್ರಾಕೆಟ್

ಆಲ್ಟರ್ನೇಟರ್ ಮತ್ತು ಪಂಪು ಎರಡೂ ಎಂಜಿನ್ನಿಗೇ ಬಿಗಿಯಬೇಕು, ಚಾಸಿಗೆ ಎಂದೂ ಅಲ್ಲ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತು ಅಲುಗಾಡುತ್ತಿರುತ್ತದೆ. ಚಾಸಿ ಅದರ ಜೊತೆ ಅಲುಗಾಡುವುದಿಲ್ಲ. ಒಂದು ಪುಲ್ಲಿ ಎಂಜಿನ್ನಿನಲ್ಲಿ, ಇನ್ನೊಂದು ಚಾಸಿಯಲ್ಲಿ ಇದ್ದರೆ ಬೆಲ್ಟ್ ಪ್ರತಿ ಸಲ ಆಕ್ಸಿಲೇಟರ್ ಒತ್ತಿದಾಗಲೂ ಎಳೆದು ಸಡಿಲಾಗುತ್ತದೆ. ನಮ್ಮ ಬ್ರಾಕೆಟ್ 10 ಮಿ.ಮೀ. ದಪ್ಪದ ಪ್ಲೇಟಿನದು. ಮೂರು ಬೋಲ್ಟುಗಳು ತ್ರಿಕೋನದಂತೆ ಕೂತಿವೆ. ಒಂದೇ ಸಾಲಿನಲ್ಲಿ ಎರಡು ಬೋಲ್ಟ್ ಹಾಕಿದರೆ ಬ್ರಾಕೆಟ್ ಬಾಗಿಲಿನಂತೆ ಆಡುತ್ತದೆ.

ಎಡಗಡೆ ಹಿಂದೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇತ್ತು. ನೀರಿನಿಂದ ತಪ್ಪಿಸಿ ಬಿಸಿಗೆ ಒಡ್ಡಿದರೆ ಪ್ರಯೋಜನವಿಲ್ಲ. ಅದಕ್ಕಾಗಿ ನಡುವೆ ತಗಡಿನ ಅಡ್ಡ ಹಾಕಿ, ತಗಡಿಗೂ ಆಲ್ಟರ್ನೇಟರಿಗೂ ಮಧ್ಯೆ ಗಾಳಿ ಹೋಗಲು ಎರಡು ಬೆರಳಿನಷ್ಟು ಜಾಗ ಬಿಟ್ಟರು.

ವೈರಿನ ಲೆಕ್ಕ

ಬ್ಯಾಟರಿಯಿಂದ ಆಲ್ಟರ್ನೇಟರ್ ದೂರವಾದ್ದರಿಂದ ದಪ್ಪ ವೈರು ಹೊಸದಾಗಿ ಎಳೆಯಬೇಕಾಯಿತು. ಉದ್ದ 2 ಮೀಟರ್. ಎಷ್ಟು ದಪ್ಪದ ವೈರು ಬೇಕು? ತಾಮ್ರದ 1 ಚದರ ಮಿ.ಮೀ. ದಪ್ಪದ 1 ಮೀಟರ್ ವೈರಿನ ರೋಧ ಸುಮಾರು 0.0172 ಓಮ್. ಆಲ್ಟರ್ನೇಟರ್ 60 ಆಂಪಿಯರ್ ಕೊಡುತ್ತಿದೆ ಎಂದಿಟ್ಟುಕೊಳ್ಳಿ.

6 ಚದರ ಮಿ.ಮೀ. ವೈರು: 0.0172 × 2 ÷ 6 = 0.0057 ಓಮ್. 60 ಆಂಪಿಯರಿಗೆ ನಷ್ಟ ಸುಮಾರು 0.34 ವೋಲ್ಟ್.
16 ಚದರ ಮಿ.ಮೀ. ವೈರು: 0.0172 × 2 ÷ 16 = 0.00215 ಓಮ್. 60 ಆಂಪಿಯರಿಗೆ ನಷ್ಟ ಸುಮಾರು 0.13 ವೋಲ್ಟ್.

0.34 ವೋಲ್ಟ್ ಎಂದರೆ ಏನು ಮಹಾ ಎನಿಸಬಹುದು. ಆದರೆ 14 ವೋಲ್ಟಿಗೂ 12.6 ವೋಲ್ಟಿಗೂ ಇರುವ ಅಂತರವೇ 1.4. ಅದರಲ್ಲಿ ಕಾಲು ಭಾಗದಷ್ಟು ವೈರಿನಲ್ಲೇ ಹೋದರೆ ಬ್ಯಾಟರಿ ನಿಧಾನವಾಗಿ ತುಂಬುತ್ತದೆ, ವೈರೂ ಬಿಸಿಯಾಗುತ್ತದೆ. ಹಾಗಾಗಿ 16ರ ವೈರು ಹಾಕಿ, ಬ್ಯಾಟರಿಯ ಹತ್ತಿರ ಫ್ಯೂಸ್ ಇಟ್ಟರು. ಬಣ್ಣ ಬಳಿದ ಹೊಸ ಬ್ರಾಕೆಟ್ ಮೂಲಕ ಅರ್ತ್ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಆಲ್ಟರ್ನೇಟರಿನಿಂದ ಎಂಜಿನ್ನಿಗೆ ಬೇರೆ ಅರ್ತ್ ವೈರು ಕೊಟ್ಟರು. ಈ ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡುವುದು ಕಡ್ಡಾಯ.

ಎಂಜಿನ್ ಮೇಲಿನ ಭಾರವನ್ನೂ ಲೆಕ್ಕ ಹಾಕಬಹುದು. 14 ವೋಲ್ಟ್ × 60 ಆಂಪಿಯರ್ = 840 ವ್ಯಾಟ್. ಆಲ್ಟರ್ನೇಟರಿನ ದಕ್ಷತೆ ಶೇ. 60 ಎಂದರೆ ಬೆಲ್ಟ್ 1,400 ವ್ಯಾಟ್ ಎಳೆಯಬೇಕು. ಇದು ಸುಮಾರು 1.9 ಅಶ್ವಶಕ್ತಿ. ಬೆಲ್ಟಿನ ಅಪ್ಪುಗೆ ಯಾಕೆ ಮುಖ್ಯ ಎಂದು ಇದರಿಂದ ತಿಳಿಯುತ್ತದೆ.

ಮರೆಯಬಾರದ ವಿಷಯ: ಬ್ರೇಕ್

ಇಡೀ ಕೆಲಸದಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಇಲ್ಲಿ. ಅನೇಕ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ಒಂದು ವ್ಯಾಕ್ಯೂಮ್ ಪಂಪು ಅಂಟಿಕೊಂಡಿರುತ್ತದೆ. ಬ್ರೇಕ್ ಬೂಸ್ಟರ್ ಕೆಲಸ ಮಾಡಲು ಬೇಕಾದ ನಿರ್ವಾತ ಅಲ್ಲಿಂದ ಬರುತ್ತದೆ. ಈ ಜೀಪಿನಲ್ಲೂ ಹಾಗೇ ಇತ್ತು. ಅಂದರೆ ನಾವು ಸರಿಸುತ್ತಿದ್ದದ್ದು ಬರೀ ಕರೆಂಟಿನ ಯಂತ್ರವಲ್ಲ, ಬ್ರೇಕಿನ ಅರ್ಧ ಶಕ್ತಿಯನ್ನೂ ಸರಿಸುತ್ತಿದ್ದೆವು.

ಆ ಪಂಪಿಗೆ ಎಂಜಿನ್ ಆಯಿಲ್ ಬೇಕು. ಒಂದು ಸಣ್ಣ ಪೈಪಿನಲ್ಲಿ ಆಯಿಲ್ ಒತ್ತಡದಿಂದ ಬರುತ್ತದೆ. ಇನ್ನೊಂದು ದಪ್ಪ ಪೈಪಿನಲ್ಲಿ ತನ್ನ ಭಾರದಿಂದಲೇ ಇಳಿದು ಎಂಜಿನ್ ಸಂಪಿಗೆ ವಾಪಸ್ಸು ಹೋಗುತ್ತದೆ. ವಾಪಸ್ಸು ಹೋಗುವ ಪೈಪು ಮೇಲಿಂದ ಕೆಳಗಿನವರೆಗೆ ಇಳಿಜಾರಾಗಿರಬೇಕು. ನಡುವೆ ಎಲ್ಲಿಯೂ ಜೋತು ಬಿದ್ದು ಮತ್ತೆ ಏರಬಾರದು. ಏರಿದರೆ ಆಯಿಲ್ ಅಲ್ಲಿ ನಿಂತು ಪಂಪಿನಲ್ಲೇ ತುಂಬಿ, ಸೀಲ್ ಒಡೆದು ಆಲ್ಟರ್ನೇಟರಿನ ಒಳಗೆ ಬರುತ್ತದೆ. ಬದಿ ಬದಲಾದಾಗ ಆಲ್ಟರ್ನೇಟರಿನ ತೂಗುವ ಕಿವಿಯೂ ಬದಲಾಗಿ, ಆಯಿಲ್ ಹೊರಬರುವ ಬಾಯಿ ಅಡ್ಡಕ್ಕೆ ತಿರುಗಿತ್ತು. ಆಟೊ ಎಲೆಕ್ಟ್ರಿಷಿಯನ್ ಹಿಂಬದಿಯ ಭಾಗ ಬಿಚ್ಚಿ ತಿರುಗಿಸಿ ಕೂರಿಸಿ ಆ ಬಾಯಿಯನ್ನು ಕೆಳಕ್ಕೆ ತಂದರು. ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ ಹೋಸ್ ಕೂಡ ಉದ್ದವಾಯಿತು. ಅದಕ್ಕೆ ಒಳಗೆ ಸೆಳೆತ ಬಿದ್ದರೂ ಚಪ್ಪಟೆಯಾಗದ ಗಟ್ಟಿ ಹೋಸೇ ಬೇಕು. ಸಾಮಾನ್ಯ ನೀರಿನ ಪೈಪು ಹಾಕಿದರೆ ಅದು ಒಳಗೆ ಮಡಚಿಕೊಂಡು ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಪರೀಕ್ಷೆ

ಗಾಡಿ ರಸ್ತೆಗೆ ಇಳಿಯುವ ಮೊದಲು ಮೂರು ಪರೀಕ್ಷೆಗಳಾದವು.

ಮೊದಲನೆಯದು ಬ್ರೇಕ್. ಎಂಜಿನ್ ಬಂದ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಬೇಕು. ಕಾಲು ತೆಗೆಯದೆ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಬೇಕು. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರಿಗೆ ನಿರ್ವಾತ ಸಿಗುತ್ತಿದೆ ಎಂದರ್ಥ. ಇಳಿಯದಿದ್ದರೆ ಗಾಡಿ ಕದಲಿಸಬಾರದು.

ಎರಡನೆಯದು ಸ್ಟೀರಿಂಗ್. ಮುಂದಿನ ಚಕ್ರಗಳನ್ನು ಜಾಕಿಯಲ್ಲಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಬಂದ್ ಇಟ್ಟು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಸುಮಾರು 20 ಸಲ ತಿರುಗಿಸಿದರು. ಡಬ್ಬಿಯಲ್ಲಿ ಗುಳ್ಳೆಗಳು ಮೇಲೆ ಬಂದವು. ಎಣ್ಣೆ ತುಂಬುತ್ತಾ ಹೋದರು. ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ. ಒಳಗೆ ಗಾಳಿ ಉಳಿದಿದ್ದರೆ ಪಂಪು ನರಳುವ ಶಬ್ದ ಮಾಡುತ್ತದೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಎಣ್ಣೆ ವಿಪರೀತ ಬಿಸಿಯಾಗುತ್ತದೆ.

ಮೂರನೆಯದು ಚಾರ್ಜಿಂಗ್. ಮೀಟರಿನಲ್ಲಿ ಬ್ಯಾಟರಿ 14.1 ವೋಲ್ಟ್ ತೋರಿಸಿತು. ಹೆಡ್‌ಲೈಟ್ ಹಾಕಿ ಸ್ಟೀರಿಂಗ್ ತಿರುಗಿಸಿದಾಗ 13.8. ಎರಡು ಬೆಲ್ಟುಗಳೂ ಕೀರಲಿಲ್ಲ.

ಖರ್ಚಿನ ಲೆಕ್ಕ

ಈಗ ನನ್ನ ಭಾಗ. ಬಿಲ್ಲಿನಲ್ಲಿ ಬರೆದದ್ದು ಇಷ್ಟು:

ಪ್ಲೇಟ್ ಮತ್ತು ಲೇತ್ ಕೆಲಸ: ರೂ. 2,800
ಎರಡು ಬೆಲ್ಟ್: ರೂ. 1,000
ವೈರು, ಲಗ್, ಫ್ಯೂಸ್: ರೂ. 1,100
ಸ್ಟೀರಿಂಗ್ ಹೋಸ್: ರೂ. 1,900
ವ್ಯಾಕ್ಯೂಮ್ ಹೋಸ್, ಆಯಿಲ್ ಪೈಪು: ರೂ. 1,200
ಸ್ಟೀರಿಂಗ್ ಎಣ್ಣೆ: ರೂ. 500
ತಗಡಿನ ಅಡ್ಡ: ರೂ. 300
ಮಜೂರಿ: ರೂ. 3,200
ಒಟ್ಟು: ರೂ. 12,000

ಪಂಪು ಬಿಸಾಕುವ ದಾರಿಗೆ ಬೇರೆ ಕಡೆ ಹೇಳಿದ್ದು ರೂ. 3,150. ಮೇಲ್ನೋಟಕ್ಕೆ ಅದೇ ಲಾಭ.

ಹಿಂದಿನ ಮಳೆಗಾಲದಲ್ಲಿ ಆಲ್ಟರ್ನೇಟರ್ ರಿಪೇರಿಗೆ ಎರಡು ಸಲ ತಲಾ ರೂ. 2,400, ಒಂದು ಸಲ ಗಾಡಿ ಎಳೆಸಿದ್ದಕ್ಕೆ ರೂ. 1,500, ಒಟ್ಟು ರೂ. 6,300 ಹೋಗಿತ್ತು. ಈ ಉಳಿತಾಯವನ್ನು ನಮ್ಮ 12,000ದ ಮುಂದೆ ಇಟ್ಟು "ಎರಡು ಮಳೆಗಾಲದಲ್ಲಿ ಹಣ ವಾಪಸ್ಸು" ಎಂದು ಹೇಳುವುದು ಸುಲಭ. ಆದರೆ ಎರಡು ದಾರಿಗಳನ್ನು ಹೋಲಿಸುವಾಗ ಅದು ಸರಿಯಾದ ಲೆಕ್ಕವಲ್ಲ. ಪಂಪು ಬಿಸಾಕಿದರೂ ಆಲ್ಟರ್ನೇಟರ್ ಮೇಲೇ ಹೋಗುತ್ತದೆ, ಅಲ್ಲೂ ಅದೇ 6,300 ಉಳಿಯುತ್ತದೆ. ಎರಡು ಬದಿಯಲ್ಲೂ ಸಮಾನವಾಗಿರುವುದನ್ನು ಹೊಡೆದು ಹಾಕಬೇಕು. ಉಳಿಯುವ ವ್ಯತ್ಯಾಸ ಮಾತ್ರ ನಿರ್ಧಾರಕ್ಕೆ ಸಂಬಂಧಿಸಿದ ವೆಚ್ಚ.

12,000 − 3,150 = ರೂ. 8,850. ಇದು ಪವರ್ ಸ್ಟೀರಿಂಗ್ ಉಳಿಸಿಕೊಳ್ಳಲು ಕೊಡುವ ಬೆಲೆ. ಅದಕ್ಕೆ ಪ್ರತಿಯಾಗಿ ಏನು ಸಿಗುತ್ತದೆ? ಪಂಪು ಇಲ್ಲದಿದ್ದರೆ ಯಜಮಾನರು ಓಡಿಸಲಾರರು, ಡ್ರೈವರ್ ಕರೆಯಬೇಕು. ಅವರೇ ಹೇಳಿದಂತೆ ದಿನಕ್ಕೆ ರೂ. 700. 8,850 ÷ 700 = 12.6, ಅಂದರೆ 13 ದಿನ. ಅಡಿಕೆ ಕೊಯ್ಲಿನ ಒಂದೇ ಹಂಗಾಮಿನಲ್ಲಿ ಜೀಪು ಅದಕ್ಕಿಂತ ಎಷ್ಟೋ ಹೆಚ್ಚು ದಿನ ಓಡುತ್ತದೆ. ಅಗ್ಗದ ಅಂದಾಜಿನಲ್ಲಿ ಖರ್ಚು ಕಡಿಮೆಯಾಗಿರಲಿಲ್ಲ, ಬಿಲ್ಲಿನಿಂದ ಹೊರಗೆ ಹೋಗಿ ಇನ್ನೊಬ್ಬರ ಜೇಬಿನಲ್ಲಿ, ಇನ್ನೊಬ್ಬರ ಭುಜದಲ್ಲಿ ಕೂತಿತ್ತು. ಈ ಲೆಕ್ಕವನ್ನು ಬಿಲ್ಲಿನ ಹಿಂದೆ ಬರೆದು ಕೊಟ್ಟಾಗ ಯಜಮಾನರು ಅದನ್ನು ಎರಡು ಸಲ ಓದಿ ಕಿಸೆಯಲ್ಲಿ ಇಟ್ಟುಕೊಂಡರು.

ಅಕೌಂಟೆನ್ಸಿ ಓದುವವರಿಗೆ ಇನ್ನೊಂದು ಮಾತು. ಹಳೆಯ ಆಲ್ಟರ್ನೇಟರಿಗೆ ಬ್ರಷ್ ಬದಲಿಸಿದ್ದು ರೆವೆನ್ಯೂ ವೆಚ್ಚ. ಅದು ಗಾಡಿಯನ್ನು ಮೊದಲಿದ್ದ ಸ್ಥಿತಿಗೆ ತಂದಿತು, ಅಷ್ಟೆ. ಜಾಗ ಬದಲಿಸಿದ್ದಕ್ಕೆ ಆದ 12,000 ಮುಂದಿನ ಹಲವು ವರ್ಷ ಪ್ರಯೋಜನ ಕೊಡುತ್ತದೆ, ಗಾಡಿ ಮೊದಲಿಗಿಂತ ಹೆಚ್ಚು ದಿನ ದುಡಿಯುತ್ತದೆ. ಆದ್ದರಿಂದ ತೋಟದ ಲೆಕ್ಕದಲ್ಲಿ ಅದನ್ನು ಬಂಡವಾಳ ವೆಚ್ಚವಾಗಿ ತೋರಿಸಲು ಕಾರಣವಿದೆ.

ಹೊಸ ಕಾರುಗಳ ಬಗ್ಗೆ

ಈಗಿನ ಬಹಳಷ್ಟು ಕಾರುಗಳಲ್ಲಿ ಪವರ್ ಸ್ಟೀರಿಂಗಿಗೆ ಎಣ್ಣೆಯ ಪಂಪೇ ಇಲ್ಲ, ವಿದ್ಯುತ್ ಮೋಟಾರ್ ಇದೆ. ಅಲ್ಲಿ ಆಲ್ಟರ್ನೇಟರಿಗೂ ಸ್ಟೀರಿಂಗಿಗೂ ಸಂಬಂಧ ಬೆಲ್ಟಿನಿಂದಲ್ಲ, ವೈರಿನಿಂದ. ವೈರು ತೆಳುವಾಗಿದ್ದರೆ ಅಥವಾ ಅರ್ತ್ ಸರಿಯಿಲ್ಲದಿದ್ದರೆ ಸ್ಟೀರಿಂಗಿಗೂ ತೊಂದರೆ. ವಾರಂಟಿ ಇರುವ ಗಾಡಿಯಲ್ಲಿ ಇಂಥ ಬದಲಾವಣೆಗೆ ಕೈ ಹಾಕದಿರುವುದೇ ಒಳ್ಳೆಯದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ನೆನಪಿಡಬೇಕಾದ ಅಂಶಗಳು

1. ಒಂದು ಯಂತ್ರ ಸರಿಸುವ ಮೊದಲು ಅದೇ ಬೆಲ್ಟಿನಲ್ಲಿ ಮತ್ತೇನಿದೆ, ಅದರ ಬೆನ್ನಿಗೆ ಮತ್ತೇನಿದೆ ಎಂದು ನೋಡಿ.
2. ನೇರ, ಅಪ್ಪುಗೆ, ದಿಕ್ಕು, ಬಿಗಿ: ಬೆಲ್ಟಿನ ಈ ನಾಲ್ಕನ್ನೂ ಪರೀಕ್ಷಿಸಿ.
3. ಬ್ರಾಕೆಟ್ ಎಂಜಿನ್ನಿಗೇ ಇರಲಿ, ವೈರು ದಪ್ಪವಿರಲಿ, ಆಯಿಲ್ ಪೈಪು ಇಳಿಜಾರಿರಲಿ.
4. ಬ್ರೇಕ್ ಪರೀಕ್ಷೆ ಆಗದೆ ಗಾಡಿ ಹೊರಡಬಾರದು.
5. ಎರಡು ಅಂದಾಜು ಹೋಲಿಸುವಾಗ ಸಮಾನವಾದದ್ದನ್ನು ಹೊಡೆದು ಹಾಕಿ, ವ್ಯತ್ಯಾಸ ಮಾತ್ರ ನೋಡಿ.

ಅಭ್ಯಾಸಕ್ಕೆ

1. ವೈರಿನ ಉದ್ದ 3 ಮೀಟರ್, ದಪ್ಪ 10 ಚದರ ಮಿ.ಮೀ., ವಿದ್ಯುತ್ 50 ಆಂಪಿಯರ್ ಆದರೆ ಎಷ್ಟು ವೋಲ್ಟ್ ನಷ್ಟವಾಗುತ್ತದೆ?
2. ಕ್ರ್ಯಾಂಕ್ ಪುಲ್ಲಿಯ ವ್ಯಾಸ 150 ಮಿ.ಮೀ., ಆಲ್ಟರ್ನೇಟರ್ ಪುಲ್ಲಿಯದು 60 ಮಿ.ಮೀ. ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗಿದರೆ ಆಲ್ಟರ್ನೇಟರ್ ಎಷ್ಟು ಸುತ್ತು ತಿರುಗುತ್ತದೆ?
3. ಡ್ರೈವರ್ ಕೂಲಿ ದಿನಕ್ಕೆ ರೂ. 500 ಆಗಿದ್ದರೆ ರೂ. 8,850 ಎಷ್ಟು ದಿನಗಳಲ್ಲಿ ವಾಪಸ್ಸು ಬರುತ್ತದೆ? ವರ್ಷಕ್ಕೆ 10 ದಿನ ಮಾತ್ರ ಓಡುವ ಗಾಡಿಗೆ ನೀವು ಯಾವ ಸಲಹೆ ಕೊಡುತ್ತೀರಿ, ಯಾಕೆ?